ಸುಲಾವ್ ಅತ್ತಿಗೆ ಮರದ ಮೇಲಿನ ಅಜ್ಜನನ್ನು ನೋಡಲು ಹೋದದ್ದು

ನನ್ನ ಅತ್ತಿಗೆ ಸುಲಾವ್‌ಗೆ ಕೇಳುವುದೊಂದು ಚಟ. ಮೊಸಳೆ ನಾಲಿಗೆಯನ್ನು ಎಲ್ಲಿ ಬಚ್ಚಿಡುತ್ತದೆ, ಇಲ್ಲಿ ಬಿದಿರು ಹೂ ಬಿಟ್ಟ ಸುದ್ದಿಯನ್ನು ಆಚೆ ಬೆಟ್ಟದ ಬಿದಿರಿಗೆ ಯಾರು ಮುಟ್ಟಿಸುತ್ತಾರೆ, ಇಂಥವು. ಮಗ್ಗದ ಮುಂದೆ ಕೂತರೆ ಕೈ ನೂಲಿನಲ್ಲಿ, ಬಾಯಿ ಪ್ರಶ್ನೆಯಲ್ಲಿ. ಅಣ್ಣ ತೀರಿಹೋದ ಮೇಲೆ ಬೆಟ್ಟದ ಭತ್ತದ ಹೊಲವನ್ನು ಮಗಳಿಗೆ ಬಿಟ್ಟು, ಕಾಡು ನೋಡಲು ಬರುವ ಪರದೇಶದವರಿಗೆ ಅಡುಗೆ ಮಾಡುತ್ತೇನೆಂದು ನನ್ನ ದೋಣಿ ಹತ್ತಿದಳು.

ಹತ್ತಿದ್ದು ಅಡುಗೆಗಲ್ಲ. ಅವಳ ಅಪ್ಪ ಗರೈ ಒಂದು ಮಾತು ಹೇಳಿ ಸತ್ತಿದ್ದ. ಹೊರಗಿನವರು ಒರಾಂಗುಟಾನ್ ಅನ್ನುವ ನಮ್ಮ ಮಾಯಾಸ್ ಬೇರೆಯವರನ್ನು ಕಂಡರೆ ಕೊಂಬೆ ಮುರಿದು ಎಸೆಯುತ್ತದೆ, ತನ್ನನ್ನು ಕಂಡರೆ ಮಾತ್ರ ಸುಮ್ಮನಿರುತ್ತದೆ, ಯಾಕೆಂದರೆ ಅದು ತನ್ನ ಮನೆತನದ ಕಾವಲು ಅಂತ. ಊರಿಗೆ ಊರೇ ಒಂದೇ ಸೂರಿನಡಿ ಇರುವ ನಮ್ಮ ಉದ್ದಮನೆಯವರು ಅವನನ್ನು ಸುಳ್ಳುಗರೈ ಎಂದೇ ಕರೆದರು. ಕೆಟ್ಟ ಹೆಸರು ಜಿಗಣೆಯಂಥದ್ದು, ಹೊಟ್ಟೆ ತುಂಬಿದರೆ ತಾನಾಗಿ ಉದುರಬೇಕು. ಇದು ಉದುರಲೇ ಇಲ್ಲ. ಅವನು ಸತ್ತಾಗ ಸುಲಾವ್‌ಗೆ ಇನ್ನೂ ಹಾಲುಹಲ್ಲು. ಮದುವೆಯಾಗಿ, ಹೆತ್ತು, ಕೂದಲು ನೆರೆತರೂ ಅವಳು ಸುಳ್ಳುಗರೈ ಮಗಳೇ.

ಹುಟ್ಟಿದಾಗಿನಿಂದ ಕಾಡಿನ ಬದಿಯಲ್ಲಿದ್ದರೂ ಅವಳು ಮಾಯಾಸ್ ಕಂಡವಳಲ್ಲ. ಈಗ ಅವು ಇರುವುದೇ ಅಷ್ಟಿಷ್ಟು. ಪರದೇಶದವರು ಕಾಡಿಗೆ ಹೋದರೆ ಅವಳು ದಡದಲ್ಲಿ ಒಲೆ ಊದುತ್ತಿದ್ದಳು. ಮಂಡಿಯೂ ಸವೆದಿತ್ತು. ಅತ್ತಿಹಣ್ಣಿನ ಸುಗ್ಗಿಯಲ್ಲಿ, ಜನರಿಗೆ ದಾರಿ ತೋರುವ ಅವಳ ತಂಗಿಯ ಮಗ ಎನ್ಸಾಲಿ, ಮೇಲಿನ ಹಳ್ಳದ ಹತ್ತಿರ ತಾಯಿ ಮಾಯಾಸ್ ಒಂದು ಮರಿಯೊಂದಿಗೆ ಹಣ್ಣು ತಿನ್ನುತ್ತಿದೆ ಎಂದಾಗ, ಅತ್ತಿಗೆ ಸೌಟು ಕೆಳಗಿಟ್ಟಳು.

"ಈ ಸಲ ನಾನೂ ಬರ್ತೀನಿ. ಅಪ್ಪ ಸುಳ್ಳನೋ ಅಲ್ವೋ, ನೋಡಿಯೇ ಬಿಡೋಣ."

ಕಾಡಿಗೆ ಹೊರಟ ಮೇಲೆ ನಾವು ಅದರ ಹೆಸರೆತ್ತುವುದಿಲ್ಲ. ಎತ್ತಿದರೆ ಅದಕ್ಕೆ ಕೇಳಿಸಿ ದೂರ ಹೋಗುತ್ತದೆ. ಗಂಡಾಗಲಿ ಹೆಣ್ಣಾಗಲಿ, ಅಜ್ಜ ಎನ್ನುತ್ತೇವೆ. ಕಾಡಿಗೆ ಹೋಗುವ ಹಿಂದಿನ ಸಂಜೆ, ನಮ್ಮ ಉದ್ದಮನೆಯ ಹಿರಿಯ ಲಂತಿಂಗಜ್ಜನ ಸೊಸೆ ದಡದಲ್ಲಿ ಬಟ್ಟೆ ಒಗೆಯುತ್ತ ಎಲ್ಲಿಗೆ ಎಂದು ಕೇಳಿದಾಗ ಅತ್ತಿಗೆ ದೋಣಿಯಿಂದಲೇ ಕೂಗಿದ್ದಳು: "ನಾಳೆ ಅಜ್ಜನ್ನ ನೋಡೋಕೆ."

ಮರುದಿನ ಬೆಳಿಗ್ಗೆ ಪರದೇಶದ ಗಂಡಹೆಂಡಿರ ಜೊತೆ ನಾವು ಲಂತಿಂಗಜ್ಜನ ಹೊಲದ ಗುಡಿಸಲು ದಾಟುವಾಗ, ಮುದುಕ ಹೊಸ ಅಂಗಿ ತೊಟ್ಟು ಮೆಟ್ಟಿಲಲ್ಲಿ ಕೂತಿದ್ದ. ಪಕ್ಕದಲ್ಲಿ ಬಿದಿರಿನೊಳಗೆ ಬೇಯಿಸಿದ ಕೋಳಿ. ಗರೈಗೆ ಆ ಹೆಸರಿಟ್ಟವನು ಇವನೇ.

"ಬಾರೆ ಸುಲಾವ್. ಕಡೆಗೂ ಈ ಮುದುಕನ ನೆನಪಾಯ್ತಲ್ಲ."

"ನಿನ್ನನ್ನಲ್ಲ ಅಜ್ಜ. ಆ ಅಜ್ಜನ್ನ." ಅತ್ತಿಗೆ ಗದ್ದವನ್ನು ಮೇಲೆತ್ತಿ ತೋರಿಸಿದಳು.

"ಈ ಹೊಳೇಲಿ ನನಗಿಂತ ಹಿರಿಯ ಯಾವನೇ?"

"ಮೇಲಿರೋನು."

"ಮೇಲಿರೋರೆಲ್ಲ ಸತ್ತೋರು. ಸತ್ತೋರ್ನ ನೋಡೋಕೆ ಇಷ್ಟು ದಂಡು ಕಟ್ಕೊಂಡು ಹೊಂಟ್ಯಾ?"

"ಮರದ ಮೇಲಿರೋನು ಅಜ್ಜ. ಕೆಂಪು ಕೂದಲಿನೋನು."

ಮುದುಕನ ಮುಖ ಬಾಡಿತು. ಎನ್ಸಾಲಿ ಚಡಪಡಿಸಿದ. "ದೊಡ್ಡಮ್ಮ, ಹೊತ್ತಾಯ್ತು. ಮುಟ್ಟಿ ಬಾ."

ಕೊಟ್ಟ ಊಟ ಬಿಟ್ಟು ಹೋದವರನ್ನು ಹಾವು ಕಚ್ಚುತ್ತದೆ, ಅವಸರವಿದ್ದರೆ ಬೆರಳಿನಿಂದ ಮುಟ್ಟಿ ಹೋಗಬೇಕು. ಅತ್ತಿಗೆ ಬೆರಳು ಚಾಚಿದಳು, ಮುದುಕನ ಮುಖ ನೋಡಿದಳು, ಕೂತು ಒಂದು ತುಂಡು ತಿಂದಳು.

"ಕೋಳಿ ಚೆನ್ನಾಗಿದೆ. ನೀನೂ ಬಾ ಅಜ್ಜ. ನಮ್ಮಪ್ಪನ್ನ ಸುಳ್ಳ ಅಂದೋನು ನಿನ್ನ ಕಣ್ಣಾರೆ ನೋಡು."

"ಬತ್ತೀನಿ. ಅದು ಕೊಂಬೆ ಎಸೆದ್ರೆ?"

"ನಾನೂ ಸುಳ್ಳುಗರೈ ಅಂತಾನೇ ಕರೀತೀನಿ."

ಅತ್ತಿಮರದ ಬುಡಕ್ಕೆ ಬಂದೆವೋ ಇಲ್ಲವೋ, ತಾಯಿ ಕಂಡಿತು. ತುಟಿ ಮುಂದೆ ಮಾಡಿ ಮುತ್ತಿಟ್ಟಂಥ ಸದ್ದು ಹೊರಡಿಸಿತು. ಲಟಕ್ಕೆಂದು ಕೊಂಬೆ ಮುರಿಯಿತು. ಬಿದ್ದದ್ದು ಅತ್ತಿಗೆಯ ಕಾಲ ಮುಂದೆಯೇ. ಇನ್ನೊಂದು ಅವಳ ಹೆಗಲು ಸವರಿತು. ಲಂತಿಂಗಜ್ಜ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಕಾಡುಪ್ರಾಣಿಯ ಎದುರು ನಕ್ಕರೆ ಬಿರುಗಾಳಿ ಏಳುತ್ತದೆಂಬ ಭಯಕ್ಕೆ ನಗು ನುಂಗಿ ನುಂಗಿ ಅವನ ಕಣ್ಣಲ್ಲಿ ನೀರು ಬಂತು.

ಎನ್ಸಾಲಿ ಹಿಂದೆ ಸರಿಯಿರಿ ಎಂದು ಸನ್ನೆ ಮಾಡಿದ. ನಾವು ಸರಿದೆವು. ಅತ್ತಿಗೆಯ ಮಂಡಿ ಮಾತ್ರ ಕೇಳಲಿಲ್ಲ, ಬೇರಿನ ಮೇಲೆ ಕುಸಿದು ಕೂತಳು. ಮುಖ ಬೂದಿಯಾಗಿತ್ತು.

ಮೇಲೆ ಸದ್ದು ನಿಂತಿತು.

ತಾಯಿಯ ಕಂಕುಳಿಂದ ಮರಿ ಇಣುಕಿತು. ತಾಯಿ ಒಂದು ಹಣ್ಣು ಬಾಯಿಗಿಟ್ಟುಕೊಂಡು, ಅತ್ತಿಗೆಯನ್ನು ನೋಡುತ್ತಲೇ ಅಗಿಯಿತು. ಬೇರೆ ಯಾರಾದರೂ ಆಗಿದ್ದರೆ ಗೆದ್ದೆ ಎಂದು ಮನೆಗೆ ಹೋಗುತ್ತಿದ್ದರು. ಅತ್ತಿಗೆಯ ಹುಬ್ಬು ಗಂಟಿಕ್ಕಿತು.

"ಅಜ್ಜ, ಹತ್ರ ಬಾ."

ಲಂತಿಂಗಜ್ಜ ಬಂದ. ಲಟಕ್, ಕೊಂಬೆ ಬಿತ್ತು.

"ಕೂತ್ಕೋ."

ಕೂತ. ಸದ್ದಿಲ್ಲ.

"ಎದ್ದೇಳು."

ಎದ್ದ. ಮತ್ತೆ ಆ ತುಟಿಯ ಸದ್ದು.

"ಕೂತ್ಕೋ ಅಜ್ಜ."

"ನಾನೇನು ಕಾವಿಗಿಟ್ಟ ಕೋಳೀನಾ, ಎಬ್ಬಿಸಿ ಕೂರ್ಸೋಕೆ?" ಎಂದು ಗೊಣಗುತ್ತ ಕೂತ. ಮರ ಸುಮ್ಮನಾಯಿತು.

"ಒಂದೋ ನೀನೂ ನಮ್ಮ ಮನೆತನದೋನು," ಅತ್ತಿಗೆ ಪಿಸುಗುಟ್ಟಿದಳು, "ಇಲ್ಲಾ, ಅದಕ್ಕೆ ನಿಂತೋರನ್ನ ಕಂಡ್ರೆ ಆಗಲ್ಲ."

ಮುದುಕ ಬಿದ್ದ ಕೊಂಬೆಯನ್ನು ಬದಿಗೆ ಸರಿಸಿದ. ಆಮೇಲೆ ಹೇಳಿದ: "ನಿಮ್ಮಪ್ಪ ದುರಿಯನ್ ಮರದಿಂದ ಬಿದ್ದೋನು ಕಣೆ. ನಿನಗೆ ನೆನಪಿರಲ್ಲ. ಕಾಡಲ್ಲಿ ಎಲ್ಲಿ ಹೋದ್ರೂ ಸೊಂಟ ಹಿಡ್ಕೊಂಡು ಕೂತುಬಿಡೋನು. ನಾವು ನಿಂತ್ಕೊಂಡು ಬೈಸ್ಕೊಂಡ್ವಿ, ಅವನು ಕೂತಿದ್ದ. ಕಂಡಿದ್ದನ್ನೇ ಹೇಳವ್ನೆ. ಯಾಕೆ ಅನ್ನೋದು ಅವನಿಗೂ ಗೊತ್ತಿರ್ಲಿಲ್ಲ."

"ಮತ್ತೆ ಕಾವಲು ಅಂದಿದ್ದು?"

"ಅದು ಹೌದೋ ಅಲ್ವೋ, ನಾನು ಹೇಳೋನಲ್ಲ."

"ಇದನ್ನಾದ್ರೂ ಜಗಲೀಲಿ ಎಲ್ಲರ ಮುಂದೆ ಹೇಳ್ಬೇಕು."

"ಹೇಳ್ತೀನಿ. ನೀನು ನನ್ನ ಎಬ್ಬಿಸಿ ಕೂರ್ಸಿದ್ದು ಮಾತ್ರ ಬೇಡ."

"ಅದು ಬಿಟ್ರೆ ಯಾರು ನಂಬ್ತಾರೆ?"

ಉದ್ದಮನೆಯ ಜಗಲಿಯಲ್ಲಿ ಅವನು ಹೇಳಿದ. ನಂಬದವರಿಗಾಗಿ ಎದ್ದು ಕೂತು ತೋರಿಸಿದ ಕೂಡ. ಅಲ್ಲಿ ನಗುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ, ಎಲ್ಲರೂ ಹೊಟ್ಟೆ ತುಂಬ ನಕ್ಕರು. ಆದರೆ ಆಮೇಲೆ ಜನ ಗರೈ ಎಂದಷ್ಟೇ ಅನ್ನತೊಡಗಿದರು. ಆ ರಾತ್ರಿ ಅತ್ತಿಗೆ ಅಪ್ಪನ ಪಾಲಿನ ಅನ್ನವನ್ನು ತಟ್ಟೆಗೆ ಬಡಿಸಿ ಬಾಗಿಲ ಬಳಿ ಇಟ್ಟಳಂತೆ.

ಈಗ ಮತ್ತೆ ಅತ್ತಿಹಣ್ಣು ಕೆಂಪಾಗಿದೆ. ಅತ್ತಿಗೆ ನನ್ನ ದೋಣಿಯಲ್ಲಿ ಚಾಪೆ ಸುತ್ತಿ ಇಟ್ಟಿದ್ದಾಳೆ. ಮಲಗಿದವರನ್ನು ಕಂಡರೆ ಅದು ಏನು ಮಾಡುತ್ತದೆ ಎಂದು ಅವಳಿಗೆ ತಿಳಿಯಬೇಕಂತೆ.