ಕೊರಳಿನ ನರೂಲಿಯೂ ಗಂಗತ್ತೆಯ ಔಷಧವೂ

ಹೋದ ವಾರ ನಮ್ಮ ಅವ್ವ ಎರಡು ದಿನ ಉಪವಾಸ ಕೂತಳು. ಕಾರಣ? ನನ್ನ ಕೊರಳಿನ ಒಂದು ನರೂಲಿ. ನಗಬೇಡಿ, ಖರೆ ಹೇಳುತ್ತಿದ್ದೇನೆ.

ತೊಗರಿಬೇಳೆಯಷ್ಟು ದಪ್ಪ, ಲಿಂಗ ಕಟ್ಟಿದ ಶಿವದಾರದ ಕೆಳಗೆ ಜೋತುಬಿದ್ದ ಚರ್ಮದ ತುಣುಕು. ನೋವಿಲ್ಲ, ನವೆಯಿಲ್ಲ. ವರ್ಷಗಟ್ಟಲೆ ತನ್ನ ಪಾಡಿಗೆ ತಾನಿತ್ತು. ಗೋಕಾಕದಲ್ಲಿ ಮಾಸ್ತರಿಕೆ ಮಾಡುವ ನನಗೆ ಹೊಸ ಕೋಟಿನ ಹುಚ್ಚು ಹಿಡಿಯಿತು. ದರ್ಜಿ ಕಾಲರ್ ಅಳೆಯುತ್ತ, "ಮಾಸ್ತರ್ರ, ಇದನ್ನ್ಯಾಕ ಸಾಕೀರಿ?" ಎಂದ. ಅವತ್ತಿನಿಂದ ಕನ್ನಡಿ ಮುಂದೆ ನಿಂತರೆ ನನಗೆ ಅದೊಂದೇ ಕಾಣತೊಡಗಿತು.

ನರೂಲಿಗೆ ಔಷಧ ಹೇಳದ ಮನುಷ್ಯ ನಮ್ಮ ಸೀಮೆಯಲ್ಲಿ ಇದ್ದಾನೆಯೇ? ಟಾಂಗಾದವನು ಕುದುರೆಬಾಲದ ಕೂದಲು ಕಟ್ಟಿರೆಂದ. ಹೆಡ್‌ಮಾಸ್ತರರು ಬೆಳ್ಳುಳ್ಳಿ ಎಂದರು. ಮೂಡಲಗಿಯ ಬೀಗರು ಕಳ್ಳಿಹಾಲು ಹಚ್ಚಿರೆಂದು ಕಾರ್ಡು ಬರೆದರು. (ಕ್ಷೇಮಸಮಾಚಾರ ಕೇಳಲು ಅದರಲ್ಲಿ ಜಾಗ ಉಳಿದಿರಲಿಲ್ಲ.) ನಾನು ಆರಿಸಿಕೊಂಡದ್ದು ದರ್ಜಿಯ ಟ್ರೀಟ್‌ಮೆಂಟು: ಸುಣ್ಣಕ್ಕೆ ಪಾತ್ರೆ ತಿಕ್ಕುವ ಸೋಡಾ ಕಲಸಿ ಹಚ್ಚುವುದು.

ಮರುದಿನ ನೋಡಿದರೆ ನರೂಲಿ ಹಾಗೇ ಇತ್ತು, ಸುತ್ತಲಿನ ಚರ್ಮ ಸುಟ್ಟಿತ್ತು! ಅದರ ಮೇಲೆ ಶಿವದಾರ ತಿಕ್ಕಿ ತಿಕ್ಕಿ ಗಾಯ ಕೀವು ಹಿಡಿಯಿತು. ಲಿಂಗವಿಟ್ಟ ಬೆಳ್ಳಿಯ ಕರಡಿಗೆಯ ಭಾರ ಬೇರೆ. "ಎಂಟು ದಿನ ತೆಗೆದಿಡ್ರಿ" ಎಂದು ಹೆಂಡತಿ ಮೆಲ್ಲಗೆ ಹೇಳಿದಳು. ಅವ್ವನ ಕಿವಿಗೆ ಬಿತ್ತು.

"ಲಿಂಗ ಮೈ ಬಿಟ್ಟ ಮನ್ಯಾಗ ನಾ ತುತ್ತು ಮುಟ್ಟಾಂಗಿಲ್ಲ."

"ನಾ ಇನ್ನೂ ತಗದಿಲ್ಲಬೇ!"

"ಮನಸಿನ್ಯಾಗ ತಗದಿ."

ಅದು ನಿಜವಾಗಿತ್ತು. ಗಾಯ ನೋಡಿದರೆ ತೆಗೆಯಬೇಕು, ಅವ್ವನ ಮುಖ ನೋಡಿದರೆ ತೆಗೆಯಬಾರದು. ಎಪ್ಪತ್ತರ ಮುದುಕಿ ಬರೇ ನೀರು ಕುಡಿದು ಗೋಡೆಗೆ ಮುಖ ಮಾಡಿ ಮಲಗಿದರೆ ಯಾವ ಮಗನಿಗೆ ಊಟ ಸೇರೀತು? ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಹಿತ್ತಲಿಗೆ ಹೋಗಿ ಅತ್ತೆ.

ಮೂರನೆಯ ದಿನ ಬೆಲ್ಲದ ಬಾಗೇವಾಡಿಯಿಂದ ಗಂಗತ್ತೆ ಮೋಟಾರಿನಲ್ಲಿ ಬಂದಿಳಿದಳು. ನಮ್ಮಪ್ಪನ ತಂಗಿ. ಓದುಬರಹ ಬಾರದವಳು. ನರೂಲಿಗೆ ರೇಶ್ಮೆ ಎಳೆ ಕಟ್ಟಿ ಉದುರಿಸುವುದರಲ್ಲಿ ಆ ಊರಿಗೆಲ್ಲ ಹೆಸರಾದವಳು. ನನ್ನ ಹೆಂಡತಿಯೇ ಅವಳಿಗೆ ಗುಟ್ಟಾಗಿ ಹೇಳಿಕಳಿಸಿದ್ದಳು.

"ಪಾತ್ರಿಗೆ ಹಚ್ಚೂದನ್ನ ಕೊರಳಿಗೆ ಹಚ್ಚಿದೇನೋ? ಮಾಸ್ತರ ಅಂತ ಮಾಸ್ತರ!" ಎಂದು ಬೈಯುತ್ತಲೇ ಕಾಯಿಸಿ ಆರಿಸಿದ ನೀರಿನಿಂದ ಗಾಯ ತೊಳೆದಳು. ಶಿವದಾರವನ್ನು ಬೆರಳಲ್ಲಿ ಹೊರಳಿಸಿ ನೋಡಿದಳು. "ಎಷ್ಟ ಬಿರುಸ ಹುರಿ ಹಾಕ್ಯಾರ! ಇಂಥಾದ್ದು ತಿಕ್ಕಿದಲ್ಲೇ ನರೂಲಿ ಏಳತಾವ. ಮ್ಯಾಲ ನಮ್ಮ ವಂಶದಾಗೂ ಅದಾವ, ನೋಡಿಲ್ಲೆ." ತನ್ನ ಕೊರಳಿನ ಬೋರಮಾಳ ಸರಿಸಿ ಮೂರು ನರೂಲಿ ತೋರಿಸಿದಳು.

"ಮತ್ತ ನೀ ಯಾಕ ಕಟ್ಟಿ ಉದುರಿಸ್ಕೊಂಡಿಲ್ಲ?"

"ಅವೇನ್ ನನ್ನ ಕೂಳ ಬೇಡತಾವೇನ?"

ಸುತ್ತ ಕೀವಾಗಿದ್ದ ನನ್ನದನ್ನೂ ಕಟ್ಟಲಿಲ್ಲ. ಎಳೆಯಂಥ ಸಣ್ಣ ತೊಟ್ಟು ಇದ್ದರಷ್ಟೇ ಅವಳು ಕೈ ಹಾಕುತ್ತಾಳಂತೆ. ಕಪ್ಪಗಾಗಿದ್ದರೆ, ರಕ್ತ ಬರುತ್ತಿದ್ದರೆ, ಬೇಗ ಬೆಳೆಯುತ್ತಿದ್ದರೆ ಡಾಕ್ಟರ ಕಡೆ ಅಟ್ಟುತ್ತಾಳಂತೆ. "ನನಗ ತಿಳೀಲಾರದ್ದಕ್ಕ ನಾ ಕೈ ಹಚ್ಚಾಂಗಿಲ್ಲ" ಎಂದಳು. ಎಷ್ಟು ದೊಡ್ಡ ಮಾತು! ತಿಳಿಯದ್ದನ್ನು ತಿಳಿಯದು ಎನ್ನುವ ಧೈರ್ಯ ನಮ್ಮಂಥ ಓದಿದವರಲ್ಲಿ ಎಷ್ಟು ಮಂದಿಗಿದೆ? ನಾನಂತೂ ಮನಸ್ಸಿನಲ್ಲೇ ಅವಳ ಕಾಲಿಗೆ ಬಿದ್ದೆ.

ಆಮೇಲೆ ಅವ್ವನ ಹತ್ತಿರ ಹೋಗಿ ಕೂತಳು.

"ವೈನಿ, ದಿನಾ ಪೂಜಾ ಮಾಡೂವಾಗ ಲಿಂಗ ಎಲ್ಲಿರತೈತ್ರಿ?"

"ಅಂಗೈಯಾಗ."

"ಆವಾಗ ಕೊರಳಾಗಿಲ್ಲಂತ ಮೈ ಬಿಟ್ಟಂಗಾತೇನ್ರಿ?"

ಅವ್ವ ಗೋಡೆಯಿಂದ ಈಚೆ ಹೊರಳಿದಳು. ಗಂಗತ್ತೆ ನನ್ನ ಎಡಗೈಯಲ್ಲಿ ಲಿಂಗ ಇರಿಸಿ, ಶಿವದಾರ ಬಿಚ್ಚಿದಳು. ಮಡಿಯ ಮೆತ್ತನೆಯ ವಸ್ತ್ರದಲ್ಲಿ ಲಿಂಗವನ್ನು ಸುತ್ತಿ, ಕಂಕುಳ ಕೆಳಗಿನಿಂದ ಬಳಸಿ ಎದೆಗೆ ಕಟ್ಟಿದಳು. ಒಂದು ಗಳಿಗೆಯೂ ಲಿಂಗ ನನ್ನ ಮೈ ಬಿಡಲಿಲ್ಲ, ಕೊರಳಿಗೂ ಏನೂ ತಾಗಲಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಹೀಗೇ ಕಟ್ಟಿಕೊಳ್ಳುತ್ತಾರೆ. ಆ ಎರಡು ದಿನ ನಮಗೆ ಯಾರಿಗೂ ಅದು ಹೊಳೆಯಲಿಲ್ಲ.

ಅವ್ವ ಎದ್ದು ಬಂದು ಗಂಟು ಮುಟ್ಟಿ ನೋಡಿದಳು. ಕೈಕಾಲು ತೊಳೆದು ರೊಟ್ಟಿ ಮುರಿದಳು. ನನಗೂ ಹೋದ ಜೀವ ಬಂತು. ಎರಡನೆಯ ತುತ್ತಿಗೆ ಅವ್ವ ಕೇಳಿದಳು:

"ಅಲ್ಲ ಗಂಗವ್ವಾ, ಇಷ್ಟ ಸುಲಭ ಇದ್ದದ್ದನ್ನ ಮೊದಲ ಯಾಕ ಹೇಳಲಿಲ್ಲ?"

"ನಿಮ್ಮ ಸೊಸಿ ಬಿಟ್ರ ನನ್ನ ಕೇಳಿದವರ್ಯಾರ್ರಿ, ವೈನಿ?"