ಮೊದಲ ಸಲದ ‘ಸಾಕು’

ಮೊನ್ನೆ ಕೋಲಾರದಲ್ಲಿ ಹಳೆಯ ವಿದ್ಯಾರ್ಥಿನಿ ಭಾಗ್ಯಮ್ಮನ ಮಗಳ ಮದುವೆ. ಊಟಕ್ಕೆ ಕೂತೆ, ಹೋಳಿಗೆ ಬಡಿಸುವವನು ಬಂದ. ವಾಡಿಕೆಯಂತೆ ಎಲೆಗೆ ಕೈ ಅಡ್ಡ ಹಿಡಿದು "ಸಾಕು" ಎಂದೆ. ಪುಣ್ಯಾತ್ಮ, ಪಕ್ಕದ ಎಲೆಗೆ ಹೊರಟೇಹೋದ! ನೀವೇ ಹೇಳಿ, ನಮ್ಮ ಸೀಮೆಯಲ್ಲಿ ಮೊದಲ ಸಲ "ಸಾಕು" ಅಂದರೆ ಬೇಡವೆಂದು ಅರ್ಥವೇ? ಅದು ಬರೀ ಮರ್ಯಾದೆಯ ಮಾತು. ಕಾಂಟ್ರಾಕ್ಟಿನ ಅಡುಗೆಯವರಿಗೆ ಇದನ್ನು ಹೇಳಿಕೊಡುವವರಿಲ್ಲ. ಹಿಂದೊಮ್ಮೆ ಒಂದು ಕಂಪ್ಯೂಟರಿಗೂ ಇದೇ ಪಾಠ ಹೇಳಿಕೊಡಬೇಕಾಗಿ ಬಂದಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮುಳಬಾಗಿಲಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಸರ್ಕಾರದ ಯಾವುದೋ ಯೋಜನೆಯಲ್ಲಿ ನಮಗೊಂದು ಕಂಪ್ಯೂಟರ್ ಬಂತು. ಕುರುಡುಮಲೆ ಗಣೇಶನಿಗೆ ಕಾಯಿ ಒಡೆಸಿ, ಕೀಬೋರ್ಡಿಗೆ ಕುಂಕುಮ ಇಟ್ಟ ಮೇಲೆಯೇ ಸ್ವಿಚ್ಚು ಹಾಕಿದ್ದು. ಎಷ್ಟೋ ದಿನ ಅದರ ಮುಂದೆ ಚಪ್ಪಲಿ ಹಾಕಿಕೊಂಡು ನಿಲ್ಲಲು ನನಗೆ ಧೈರ್ಯವಾಗಲಿಲ್ಲ.

ಅದರ ಜೊತೆ ಸ್ಪೆಲಿಂಗ್ ಕಲಿಸುವ ಆಟವೊಂದು ಬಂದಿತ್ತು. ತಪ್ಪು ಅಕ್ಷರ ಒತ್ತಿದ ಹಾಗೆಲ್ಲ ತೆರೆಯ ಮೇಲೆ ಒಬ್ಬ ಮನುಷ್ಯ ನೇಣಿಗೆ ಹತ್ತಿರವಾಗುತ್ತಿದ್ದ. ಗಣಿತದ ಮೇಡಂ ನೋಡಿ ಮುಖ ಗಂಟಿಕ್ಕಿದರು. "ಸ್ಪೆಲಿಂಗ್ ತಪ್ಪಿದ್ರೆ ನೇಣಾ ಸಾರ್? ಹಂಗಾದ್ರೆ ನಮ್ ಸ್ಕೂಲಲ್ಲಿ ಯಾರ್ ಉಳೀತಾರೆ? ನೀವೂ ಅನುಮಾನ."

ಅನುಮಾನ ನನಗೂ ಇತ್ತು. ಮೇಡಂ ಪ್ರೋಗ್ರಾಮ್ ಬರೆಯುವುದನ್ನು ತರಬೇತಿಯಲ್ಲಿ ಕಲಿತು ಬಂದಿದ್ದರು. ಇಬ್ಬರೂ ಸೇರಿ ನಮ್ಮದೇ ಆಟ ಕಟ್ಟಿದೆವು. ಮನೆಗೆ ನೆಂಟ ಬಂದಿದ್ದಾನೆ, ಹಸಿದಿದ್ದಾನೆ. ಸೊನ್ನೆಯೇ ಅವನ ತಲೆ, ಅಡ್ಡಗೆರೆಗಳೇ ಕೈಕಾಲು. ಒಂದು ಪದ ಕಂಡು ಮರೆಯಾಗುತ್ತದೆ. ಅದರ ಒಂದೊಂದು ಸರಿಯಾದ ಅಕ್ಷರಕ್ಕೂ ಎಲೆಗೆ ಒಂದೊಂದು ತುತ್ತು ಬಡಿಸಿದಂತೆ. ತಪ್ಪಿದರೆ ನೆಂಟ ಬೈಯುವುದಿಲ್ಲ, "ಪರವಾಗಿಲ್ಲ, ನಿಧಾನ" ಎನ್ನುತ್ತಾನೆ. ಪದ ಮುಗಿದಾಗ "ಸಾಕು" ಎನ್ನುತ್ತಾನೆ. ಆಗ ಕೀಬೋರ್ಡಿನಿಂದ ಕೈ ತೆಗೆಯಬೇಕು, ಅಷ್ಟೆ. ಇಂಥ ಒಳ್ಳೆಯ ಆಟ ಲೋಕದಲ್ಲೇ ಇಲ್ಲವೆಂದು ನಾವಿಬ್ಬರೂ ಬೀಗಿದೆವು.

ಇನ್ನೂ ಮಕ್ಕಳ ಕೈಗೆ ಕೊಟ್ಟಿರಲಿಲ್ಲ, ಅಷ್ಟರಲ್ಲಿ ಭಾಗ್ಯಮ್ಮನ ಅಪ್ಪ ಬಂದರು. ನಂಗಲಿ ಕಡೆಯ ರೈತರು, ಮನೆಯಲ್ಲಿ ತೆಲುಗು. ಮಗಳು ಇಂಗ್ಲಿಷ್ ಕ್ಲಾಸಿನಲ್ಲಿ ಬಾಯಿ ಬಿಟ್ಟವಳೇ ಅಲ್ಲ.

"ಟಿ.ಸಿ. ಕೊಟ್ಬಿಡಿ ಸಾರ್. ಇಂಗ್ಲೀಷು ಇವಳ ತಲೇಗ್ ಹತ್ತಲ್ಲ. ರೇಷ್ಮೆ ಹುಳಕ್ಕೆ ಸೊಪ್ಪಾದ್ರೂ ಕುಯ್ಲಿ."

ಹುಡುಗಿ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ಮೇಡಂ ಹೇಳಿದರು, "ಟಿ.ಸಿ. ಬರೆಯೋವರ್ಗೂ ನಿಮ್ ಮಗಳು ಆಡೋದ್ ನೋಡಿ, ಬನ್ನಿ."

ಭಾಗ್ಯಮ್ಮ ಕಣ್ಣೊರೆಸಿಕೊಂಡು ಕೂತಳು. ಇದು ನೆಂಟನಿಗೆ ಬಡಿಸುವ ಆಟವೆಂದು ಮೇಡಂ ಅಪ್ಪ ಮಗಳಿಬ್ಬರಿಗೂ ತಿಳಿಸಿ, ತೆರೆಯ ಮೇಲೆ ಮೂಡುವ ನೆಂಟನ ಮಾತನ್ನು ಗಟ್ಟಿಯಾಗಿ ಓದುತ್ತ ನಿಂತರು. ತೆರೆಯ ಮೇಲೆ ಅನ್ನಕ್ಕಿರುವ ಇಂಗ್ಲಿಷ್ ಪದ ಮಿಂಚಿ ಹೋಯಿತು. ಒಂದು ಸಲ ತಡವರಿಸಿದಳು, ನೆಂಟ "ಪರವಾಗಿಲ್ಲ" ಎಂದ. ಅವಳ ಮುಖ ಸಡಿಲವಾಯಿತು. ಒಂದೊಂದೇ ಅಕ್ಷರ ಹುಡುಕಿ ಒತ್ತಿ ಪದ ಪೂರ್ತಿ ಮಾಡಿದಳು. ನೆಂಟ "ಸಾಕು" ಎಂದ. ಹುಡುಗಿ ಕೈ ತೆಗೆಯಲಿಲ್ಲ, ಕೊನೆಯ ಅಕ್ಷರವನ್ನೇ ಮತ್ತೆ ಒತ್ತಿದಳು. ಯಂತ್ರ ಕೊರ್ ಎಂದಿತು, ಎಲೆ ಖಾಲಿಯಾಗಿ ‘ತಪ್ಪು’ ಎಂದು ಬಂತು.

ಮುಗಿಯಿತು ಅಂದುಕೊಂಡೆ. ಆದರೆ ಅವಳಪ್ಪ ಹೆಗಲಿನ ಟವೆಲು ಕೊಡವಿ ಮುಂದೆ ಬಂದರು.

"ಏನ್ ಸಾರ್ ಇದು ಅನ್ಯಾಯ? ಮೊದಲ್ನೇ ಸಾರಿ ಸಾಕು ಅಂದ ತಕ್ಷಣ ಪಾತ್ರೆ ಎತ್ಕೊಂಡ್ ಹೋಗಕ್ಕೆ ನಮ್ದೇನು ಓಟ್ಲಾ? ಅಮ್ಮಾಯಿ ಸರಿಯಾಗೇ ಬಡಿಸಿದ್ಲು. ನಿಮ್ ಮಿಷನ್‌ಗೇ ಮರ್ಯಾದೆ ಗೊತ್ತಿಲ್ಲ."

ಮೇಡಂ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಎಷ್ಟೋ ಮದುವೆಯೂಟ ಉಂಡ ನಮಗಿಬ್ಬರಿಗೂ ಇದು ಹೊಳೆದಿರಲಿಲ್ಲವಲ್ಲ!

"ಸರಿಯಾಗಿ ಬರೆದ್ಲಾ ಇವಳು?" ಎಂದು ಅವಳಪ್ಪ ಮೆಲ್ಲಗೆ ಕೇಳಿದರು.

"ಪೂರ್ತಿ ಸರಿ ಬರೆದ್ಲು. ಮೇಲಿಂದ ಉಪಚಾರಾನೂ ಮಾಡಿದ್ಲು," ಎಂದರು ಮೇಡಂ.

ಅವರು ಮಗಳ ತಲೆ ಸವರಿದರು. "ಟಿ.ಸಿ. ಇರ್ಲಿ ಬಿಡಿ ಸಾರ್. ಸೊಪ್ಪು ನಾನೇ ಕುಯ್ಕೊತೀನಿ. ಮೊದಲು ಆ ಮಿಷನ್ ರಿಪೇರಿ ಮಾಡಿ," ಎಂದು ಹೊರಟರು.

ರಿಪೇರಿ ಮಾಡಿದೆವು. ಮೂರು ಸಲ "ಸಾಕು" ಎನ್ನುವವರೆಗೆ ನಮ್ಮ ನೆಂಟನಿಗೆ ಬಡಿಸಬಹುದಾಯಿತು. ಭಾಗ್ಯಮ್ಮ ಓದಿದಳು, ಈಗ ಶ್ರೀನಿವಾಸಪುರದಲ್ಲಿ ಅವಳೇ ಮೇಡಂ. ಅವಳಪ್ಪ ಈಗಿಲ್ಲ.

ಇಷ್ಟೆಲ್ಲ ಯೋಚಿಸುತ್ತ ಖಾಲಿ ಎಲೆಯ ಮುಂದೆ ಕೂತಿದ್ದೆನಲ್ಲ, ಎದುರಿಗೆ ಜರಿ ಸೀರೆ ಕಂಡಿತು. ಭಾಗ್ಯಮ್ಮ, ಕೈಯಲ್ಲಿ ಹೋಳಿಗೆಯ ತಟ್ಟೆ. ಒಂದು ಹಾಕಿದಳು.

"ಸಾಕಮ್ಮ," ಎಂದು ಎಲೆಗೆ ಕೈ ಅಡ್ಡ ಹಿಡಿದೆ.

"ನಮ್ಮಪ್ಪ ಇದ್ದಿದ್ರೆ ನಿಮ್ ಮಾತು ಕೇಳ್ತಿದ್ರಾ ಸಾರ್?" ಎನ್ನುತ್ತ ಇನ್ನೊಂದು ಹಾಕಿದಳು. ನನಗೆ ಕಣ್ಣು ಮಂಜಾಯಿತು. ಎಲೆಯಿಂದ ಕೈ ತೆಗೆದುಬಿಟ್ಟೆ.