ಜಲಜಾಕ್ಷಿ ಮಜ್ಜಿಗೆ ತಡೆದದ್ದು

ಮದರಾಸಿನ ಪುರಸೈವಾಕ್ಕಂಗೆ ಸೀರೆ ಕೊಳ್ಳಲು ಬಂದವರು ದೊಡ್ಡ ರಸ್ತೆಯಲ್ಲೇ ಬಂದು ದೊಡ್ಡ ರಸ್ತೆಯಲ್ಲೇ ಹೋಗಿಬಿಡುತ್ತಿದ್ದರು. ಜವಳಿ ಅಂಗಡಿಗೂ ಪಾತ್ರೆ ಅಂಗಡಿಗೂ ನಡುವೆ ಒಂದು ಓಣಿ ಇದೆ ಎಂದು ಗೊತ್ತಿದ್ದದ್ದು ಹಸಿದವರಿಗೆ ಮಾತ್ರ. ಆ ಓಣಿಯ ಕೊನೆಯಲ್ಲಿತ್ತು ಜಲಜಾಕ್ಷಿಯ ಊಟದ ಮನೆ. ಬೋರ್ಡು ಇರಲಿಲ್ಲ. ಸಾರಿನ ಒಗ್ಗರಣೆ ಬಿದ್ದ ಕೂಡಲೇ ಬ್ಯಾಂಕಿನವರು, ರೈಲ್ವೆಯವರು, ವಿಮಾ ಕಚೇರಿಯವರು ಘಮ ಹಿಡಿದುಕೊಂಡೇ ದಾರಿ ಕಂಡು ಬರುತ್ತಿದ್ದರು.

ಮೂಲ್ಕಿ ಕಡೆಯ ಹೆಣ್ಣು ಅವಳು. ಮದುವೆಯಾಗಿ ಎಪ್ಪತ್ತೊಂದರಲ್ಲಿ ಮದರಾಸಿಗೆ ಬಂದಳು. ಗಂಡ ಮೋನಪ್ಪ ಊರಿನವರ ಹೋಟೆಲಿನಲ್ಲಿ ರುಬ್ಬುವ ಕಲ್ಲಿನಿಂದ ಹಿಡಿದು ಒಲೆಯ ಮುಂದಿನ ಜಾಗದವರೆಗೆ ಏರಿದವನು. ಕೈರುಚಿ ಇದ್ದ ಮನುಷ್ಯ, ಆದರೆ ಕಾಲು ಒಂದು ಕಡೆ ನಿಲ್ಲದು. ಯಾರೋ ಹೇಳಿದರೆಂದು ಸರಕಿನ ಹಡಗಿಗೆ ಅಡುಗೆಯವನಾಗಿ ಸೇರಿದ. ಹಡಗಿನವರು ಅಂಥವನನ್ನು ಭಂಡಾರಿ ಎನ್ನುತ್ತಾರೆ. ವರ್ಷಕ್ಕೊಮ್ಮೆ ಬರುವುದು, ಎರಡು ತಿಂಗಳು ಇರುವುದು, ಮತ್ತೆ ಹೋಗುವುದು. ಅವನ ದಾರಿ ಕಾಯುತ್ತಾ ಕೂರುವ ಜಾಯಮಾನ ಜಲಜಾಕ್ಷಿಯದ್ದಲ್ಲ. ಹಜಾರದಲ್ಲಿ ಎಲೆ ಹಾಕಿ ಊಟದ ಮನೆ ಶುರುಮಾಡಿದಳು.

ಅವಳ ಮನೆಗೆ ಒಂದೇ ಕಾನೂನು. ಮಜ್ಜಿಗೆ ಬೀಳದೆ ಎಲೆ ಬಿಟ್ಟು ಯಾರೂ ಏಳಬಾರದು. ಮಜ್ಜಿಗೆ ಬಿಟ್ಟು ಎದ್ದರೆ ಬಡಿಸಿದವಳಿಗೆ ಅವಮಾನ, ಉಂಡವನಿಗೆ ಅಜೀರ್ಣ ಎನ್ನುವುದು ಅವಳ ವಾದ. ಧಾರವಾಡದ ಕಮಲಾಕರ ಎಂಬ ವಿಮಾ ಗುಮಾಸ್ತ ದಿನಾ ಇದಕ್ಕೆ ಕೊಸರಾಡುತ್ತಿದ್ದ.

"ಅಕ್ಕಾರ, ಆಫೀಸಿಗೆ ಹೊತ್ತಾತು. ಇವತ್ತೊಂದಿನ ಬಿಟ್ಟುಬಿಡ್ರಿ."

"ಕೂತ್ಕೊಳ್ಳಿ ಮಾರಾಯ್ರೆ. ನಿಮ್ಮ ಆಫೀಸು ಎದ್ದು ಓಡುದಿಲ್ಲ."

ಕೂರುತ್ತಿದ್ದ. ಬೈಸಿಕೊಂಡೇ ಕೂರುತ್ತಿದ್ದ.

ಎಂಬತ್ತೆರಡರ ಬೇಸಿಗೆಯಲ್ಲಿ ಸುದ್ದಿ ಬಂತು. ಮೋನಪ್ಪನಿದ್ದ ಹಡಗು ದಕ್ಷಿಣ ಅಮೆರಿಕದ ಪಡುಗಡಲ ಬದಿಯ ಯಾವುದೋ ರೇವಿನಲ್ಲಿ ನಿಂತುಬಿಟ್ಟಿತ್ತು. ಹಡಗಿನ ಧಣಿ ಪರದೇಶದವನು, ರೇವಿಗೆ ಕೊಡಬೇಕಾದದ್ದು ಕೊಡದೆ ತಲೆ ತಪ್ಪಿಸಿಕೊಂಡಿದ್ದ. ತಕರಾರು ತೀರುವವರೆಗೆ ಹಡಗಿನವರು ದಡಕ್ಕೆ ಇಳಿಯಕೂಡದೆಂದು ಆ ದೇಶದವರು ಪಾಸ್‌ಪೋರ್ಟು ಇಟ್ಟುಕೊಂಡರು. ನಮ್ಮ ಸರಕಾರದ ಮನುಷ್ಯ ಹೋಗಿ ಮಾತಾಡಿ ಕಾಗದ ಮಾಡಿಸಿ ಕರೆತರಬೇಕು, ಬೇರೆ ದಾರಿ ಇಲ್ಲ. ಮದರಾಸಿನ ಮೀನುಗಾರರ ಕೇರಿ ಕಾಸಿಮೇಡಿನಿಂದಲೂ ಇಬ್ಬರು ಗಂಡಸರು ಅದೇ ಹಡಗಿನಲ್ಲಿದ್ದರು. ಅವರ ಹೆಂಡಂದಿರ ಜೊತೆ ಜಲಜಾಕ್ಷಿ ಬಂದರಿನ ಏಜೆಂಟರ ಕಚೇರಿಗೆ ಅಲೆದಳು. ಅಲ್ಲಿನವರು ಬೆಂಚು ತೋರಿಸುತ್ತಿದ್ದರು, ಉತ್ತರ ತೋರಿಸುತ್ತಿರಲಿಲ್ಲ.

ಹಡಗಿನಲ್ಲಿ ಅಕ್ಕಿ ಮುಗಿಯುತ್ತಾ ಬಂದಿದೆ ಎಂದು ಗೊತ್ತಾದ ದಿನ ಅವಳಿಗೆ ಬಡಿಸಲು ಕೈ ಏಳಲಿಲ್ಲ. ಮಗಳು ಸುಮತಿ ತಮಿಳು ಶಾಲೆಯ ಹುಡುಗಿ, ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಹೇಳುವವಳು. "ಅಮ್ಮಾ, ಅಪ್ಪಾ ಅಂಗೆ ಎನ್ನ ಸಾಪ್ಪಿಡುವಾರ್?" ಎಂದಳು. ಅಪ್ಪ ಅಲ್ಲಿ ಏನು ಉಣ್ಣುತ್ತಾನೆ ಎಂದು. ಇಲ್ಲಿ ಇವಳು ಊರವರಿಗೆಲ್ಲ ಬಡಿಸುತ್ತಿದ್ದಾಳೆ, ಅಲ್ಲಿ ಅಡುಗೆಯವನ ಕೈಯಲ್ಲೇ ಬೇಯಿಸಲು ಅಕ್ಕಿ ಇಲ್ಲ. ಜಲಜಾಕ್ಷಿ ಅತ್ತದ್ದು ಅಂದು ಒಂದೇ ಸಲ. ಅದೂ ಈರುಳ್ಳಿ ಹೆಚ್ಚುವಾಗ, ಯಾರಿಗೂ ಲೆಕ್ಕ ಸಿಗದ ಹಾಗೆ.

ಕಮಲಾಕರ ಅವಳ ಪರವಾಗಿ ಅವಳ ಊರ ಕಡೆಯ ಲೋಕಸಭೆ ಸದಸ್ಯರಿಗೆ ಬರೆದ. ಆ ಸದಸ್ಯರು ಒಳ್ಳೆಯವರು, ಸಭೆಯಲ್ಲಿ ಪ್ರಶ್ನೆ ಹಾಕಿದರು. ಸರಕಾರಕ್ಕೆ ಈ ಹಡಗಿನ ವಿಷಯ ಗೊತ್ತೇ, ಅಲ್ಲಿನ ನಮ್ಮ ರಾಯಭಾರಿಗಳು ಏನು ಮಾಡಿದ್ದಾರೆ ಎಂದು. ಉತ್ತರ ಬಂದ ದಿನ ಕಮಲಾಕರ ಊಟಕ್ಕೆ ಮುಂಚೆಯೇ ಬಂದು ಓದಿ ಹೇಳಿದ. ಮಾಹಿತಿ ಸಂಗ್ರಹಿಸಲಾಗುತ್ತಿದೆ, ವಿಷಯವನ್ನು ಪರಿಶೀಲಿಸಲಾಗುವುದು. ಅಷ್ಟೇ.

"ಎಂತ ಸಂಗ್ರಹ ಮಾಡ್ಲಿಕ್ಕುಂಟು?" ಎಂದಳು ಜಲಜಾಕ್ಷಿ. "ನನ್ನತ್ರ ಕೇಳಿದ್ರೆ ನಾನೇ ಹೇಳ್ತಿದ್ದೆ. ಹಡಗು ಅಲ್ಲುಂಟು, ಗಂಡ ಅದರೊಳಗೆ ಇದ್ದಾರೆ, ಅಕ್ಕಿ ಇಲ್ಲ. ಇನ್ನೆಂತ ಬೇಕು ಅವರಿಗೆ?"

ಮಳೆಗಾಲ ಬಂತು, ದೀಪಾವಳಿಯೂ ಕಳೆಯಿತು. ಸಂಗ್ರಹ ಮುಗಿಯಲಿಲ್ಲ. ಆಗ ಕಮಲಾಕರನೇ ಒಂದು ಸಂಗತಿ ತಿಳಿದುಕೊಂಡು ಬಂದ. ಮಂತ್ರಿ ಸಭೆಯಲ್ಲಿ ಪರಿಶೀಲಿಸುತ್ತೇವೆ ಎಂದರೆ ಅದು ಗಾಳಿಗೆ ಹೋದ ಮಾತಲ್ಲ, ಕೊಟ್ಟ ಮಾತು ಎಂದೇ ಹಿಡಿಯುತ್ತಾರಂತೆ. ಕೊಟ್ಟ ಮಾತು ಏನಾಯಿತು ಎಂದು ಕೇಳಲಿಕ್ಕೇ ಸಂಸತ್ತಿನಲ್ಲಿ ಒಂದು ಸಮಿತಿ ಇದೆಯಂತೆ. ಇದು ಜಲಜಾಕ್ಷಿಗೆ ಚೆನ್ನಾಗಿ ಅರ್ಥವಾಯಿತು. ಅವಳ ಊರಿನಲ್ಲಿ ದೈವಕ್ಕೆ ಹರಕೆ ಹೇಳಿ ಮರೆತರೆ ನೇಮದ, ಎಂದರೆ ಕೋಲದ, ದಿನ ಮೈಮೇಲೆ ಬಂದ ದೈವವೇ ಹೆಸರು ಹಿಡಿದು ಕರೆದು ಕೇಳುವುದುಂಟು. ದಿಲ್ಲಿಯಲ್ಲೂ ಅಂಥದ್ದೊಂದು ಇದೆ ಎಂದಮೇಲೆ ಅವಳ ಬೆನ್ನು ನೆಟ್ಟಗಾಯಿತು.

"ಆದ್ರ ಅಕ್ಕಾರ, ಅವ್ರ ಹತ್ರ ಇಂಥಾ ಮಾತು ಸಾವಿರ ಇರತಾವ. ನಿಮ್ಮದು ಯಾವ ಮೂಲ್ಯಾಗ ಬಿದ್ದದೋ" ಎಂದು ಕಮಲಾಕರ ತಣ್ಣಗೆ ಹೇಳಿದ.

"ಮೂಲೆಯಲ್ಲಿದ್ರೆ ಗುಡಿಸಿ ತೆಗೆಯುವ" ಎಂದಳು ಅವಳು.

ಹೊಸ ವರ್ಷ ಹುಟ್ಟಿದ ಮೇಲೆ ಅದೇ ಸಮಿತಿ ಪ್ರವಾಸದ ಮೇಲೆ ಮದರಾಸಿಗೆ ಬರುವುದೆಂದು ಗೊತ್ತಾಯಿತು. ಕಮಲಾಕರನ ಕಚೇರಿಯ ಅತಿಥಿಗೃಹದಲ್ಲಿ ಒಂದು ಹೊತ್ತಿನ ಊಟ. ಅಧ್ಯಕ್ಷರು ಉತ್ತರದ ಕಡೆಯವರಾದರೂ ದೊಡ್ಡ ಹೋಟೆಲಿನ ಊಟ ಬೇಡ, ಬಾಳೆ ಎಲೆಯ ಊಟವೇ ಆಗಲಿ ಎಂದಿದ್ದರಂತೆ. ಏರ್ಪಾಟು ನೋಡಿಕೊಳ್ಳುತ್ತಿದ್ದ ರಘುರಾಮ ಎಂಬ ಮೈಸೂರಿನ ಅಧಿಕಾರಿ ಜಲಜಾಕ್ಷಿಯ ಸಾರು ಉಂಡು ಬಲ್ಲವರು. ಅಡುಗೆ ಅವಳಿಗೇ ಒಪ್ಪಿಸಿದರು. ಒಪ್ಪಿಸಿದ ಮೇಲೆ ಹಡಗಿನ ವಿಷಯ ನೆನಪಾಗಿ ಓಣಿಗೆ ತಾವೇ ಬಂದರು.

"ನೋಡಿ, ಬಡಿಸೋದು, ಬರೋದು, ಅಷ್ಟೇ. ನಿಮ್ಮೆಜಮಾನರ ವಿಷಯ ಅಲ್ಲಿ ಎತ್ತಕೂಡದು. ನನ್ನ ಕೆಲಸಕ್ಕೇ ಕುತ್ತು."

"ಆಯ್ತು. ಅವರಾಗಿಯೇ ಕೇಳಿದ್ರೆ?"

"ಅವರ‍್ಯಾಕೆ ಕೇಳ್ತಾರೆ?"

"ಕೇಳಿದ್ರೆ?"

"ಕೇಳಿದ್ರೆ ಹೇಳಿ" ಎಂದು ರಘುರಾಮರು ಕೈ ಬೀಸಿದರು. ಜಲಜಾಕ್ಷಿ ಮಾತು ಕೊಟ್ಟಳು. ಕೊಟ್ಟ ಮಾತಿನ ಸಮಿತಿಗೆ ಅಡುಗೆ ಮಾಡುವವಳು ಮಾತು ತಪ್ಪಿದರೆ ಹೇಗೆ?

ಅಂದಿನ ಅಡುಗೆಗೆ ಅವಳು ಬೇರೆ ಯಾರ ಕೈಯನ್ನೂ ಮುಟ್ಟಿಸಲಿಲ್ಲ. ಕೋಸಂಬರಿ, ಬೀನ್ಸಿನ ಪಲ್ಯ, ಅನಾನಸಿನ ಗೊಜ್ಜು, ಸಾರು, ಕುಂಬಳಕಾಯಿಯ ಹುಳಿ, ಹೆಸರುಬೇಳೆ ಪಾಯಸ. ನೆಲದ ಮೇಲೆ ಚಾಪೆ ಹಾಸಿ ಒಂದೇ ಪಂಕ್ತಿ. ನಡುವೆ ಅಧ್ಯಕ್ಷರು, ಅವರ ಬಲಕ್ಕೆ ಬಿಳಿ ಮೀಸೆಯ ಕನ್ನಡದ ಸದಸ್ಯರೊಬ್ಬರು. ಜಲಜಾಕ್ಷಿ ಒಂದು ಮಾತೂ ಆಡದೆ ಬಡಿಸಿದಳು. ಅಧ್ಯಕ್ಷರು ಪಾಯಸ ಎರಡು ಸಲ ಹಾಕಿಸಿಕೊಂಡರು. ಬಾಗಿಲಲ್ಲಿ ನಿಂತ ರಘುರಾಮರಿಗೆ ಜೀವ ಬಂತು.

ಆಮೇಲೆ ಅವಳು ಮಜ್ಜಿಗೆಯ ಪಾತ್ರೆ ತಂದಳು. ತಂದವಳು ಬಡಿಸಲಿಲ್ಲ. ಗೋಡೆಗೆ ಒರಗಿ, ಪಾತ್ರೆಯನ್ನು ಸೊಂಟಕ್ಕೆ ಆನಿಸಿ ನಿಂತುಬಿಟ್ಟಳು.

ಪಂಕ್ತಿ ಕಾಯಿತು. ಎಲೆಯ ಮೇಲಿನ ಬಿಳಿ ಅನ್ನ ಆರುತ್ತಿತ್ತು. ರಘುರಾಮರು ಬಾಗಿಲಿನಿಂದ ಕಣ್ಣು ಮಾಡಿದರು, ಕೈ ಮಾಡಿದರು, ಅವಳು ಅತ್ತ ತಿರುಗಲೇ ಇಲ್ಲ. ಅಧ್ಯಕ್ಷರಿಗೆ ಈ ಕಡೆಯ ಕ್ರಮ ಗೊತ್ತಿಲ್ಲ. ಊಟ ಮುಗಿಯಿತೆಂದು ಎಲೆಯ ಅಂಚಿಗೆ ಬೆರಳು ಹಾಕಿ ಮಡಚಲು ಹೊರಟರು. ಅವರು ಎದ್ದರೆ ಪಂಕ್ತಿಯೇ ಏಳುತ್ತದೆ. ಪಂಕ್ತಿ ಎದ್ದರೆ ಸಮಿತಿ ಹೋಯಿತು, ಮಾತು ಹೋಯಿತು, ಮೋನಪ್ಪ ಆ ಕಡಲಲ್ಲೇ ಉಳಿದ. ಜಲಜಾಕ್ಷಿ ಪಾತ್ರೆಯನ್ನು ಸೊಂಟಕ್ಕೆ ಇನ್ನೂ ಒತ್ತಿ ಹಿಡಿದಳು. ಬಾಯಿ ಮಾತ್ರ ಬಿಡಲಿಲ್ಲ.

ಬಿಳಿ ಮೀಸೆಯವರು ಅಧ್ಯಕ್ಷರ ಕೈಯನ್ನು ಮೆಲ್ಲಗೆ ಹಿಡಿದರು. ಮಜ್ಜಿಗೆ ಆಗದೆ ಏಳುವಂತಿಲ್ಲ ಎಂದು ಹಿಂದಿಯಲ್ಲಿ ಹೇಳಿ, ಇವಳ ಕಡೆ ತಿರುಗಿದರು.

"ಯಾಕಮ್ಮಾ, ಮಜ್ಜಿಗೆ ಬಡಿಸೋದಿಲ್ವಾ?"

"ಬಡಿಸ್ತೇನೆ ಸ್ವಾಮಿ. ಮಜ್ಜಿಗೆ ವಿಷಯದಲ್ಲಿ ಮಾಹಿತಿ ಸಂಗ್ರಹಿಸಲಾಗುತ್ತಿದೆ. ಪರಿಶೀಲಿಸಲಾಗುವುದು."

ಅವರ ಮೀಸೆ ಒಮ್ಮೆ ನಡುಗಿತು. ಅದನ್ನೇ ಹಿಂದಿಯಲ್ಲಿ ಹೇಳಿದ್ದೇ ತಡ, ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬೆಳಗಾದರೆ ಅದೇ ಮಾತು ಕೇಳಿ ಕೇಳಿ ಸಾಕಾದವರಲ್ಲವೇ! ಅಧ್ಯಕ್ಷರೊಬ್ಬರು ನಗಲಿಲ್ಲ. ಈ ಮಾತು ನಿನಗೆ ಹೇಳಿದವರು ಯಾರು ಎಂದು ಕೇಳಿಸಿದರು.

ಜಲಜಾಕ್ಷಿ ಒಮ್ಮೆ ರಘುರಾಮರನ್ನು ನೋಡಿದಳು. ಅವರಾಗಿಯೇ ಕೇಳಿದ್ದಾರೆ, ಕೇಳಿತಲ್ಲ ಎನ್ನುವ ಹಾಗೆ. ಆಮೇಲೆ ಎಲ್ಲವನ್ನೂ ಹೇಳಿದಳು. ಹಡಗು, ಓಡಿಹೋದ ಧಣಿ, ಬಂದರಿನ ಬೆಂಚು, ಮಂತ್ರಿಗಳ ಉತ್ತರ. ಅಳಲಿಲ್ಲ, ಕೈ ಮುಗಿಯಲಿಲ್ಲ, ಕೈಯಲ್ಲಿ ಪಾತ್ರೆ ಇತ್ತು. ನಡುವೆ ಒಬ್ಬ ಸದಸ್ಯರು, ಆ ದೇಶದಲ್ಲಿ ನಮ್ಮ ಕಚೇರಿಯೇ ಇಲ್ಲ, ಪಕ್ಕದ ದೇಶದ ರಾಯಭಾರಿಯೇ ಸುತ್ತಲಿನ ನಾಲ್ಕಾರು ದೇಶ ನೋಡಿಕೊಳ್ಳುವುದು ಎಂದು ಸರಕಾರದ ಕಷ್ಟವನ್ನೂ ಹೇಳಿದರು.

"ಇರಬಹುದು ಸ್ವಾಮಿ" ಎಂದಳು ಜಲಜಾಕ್ಷಿ. "ಐದು ಪಂಕ್ತಿಗೆ ಒಬ್ಬನೇ ಬಡಿಸುವವ ಆದ್ರೆ ಕೊನೆಯ ಎಲೆಯವ ಉಪ್ಪು ನೆಕ್ಕಿಕೊಂಡು ಕೂರ್ಬೇಕು. ನನ್ನ ಗಂಡ ಆ ಕೊನೆಯ ಎಲೆಯಲ್ಲಿ ಕೂತಿದ್ದಾರೆ."

ಈಗ ಯಾರೂ ನಗಲಿಲ್ಲ. ಅಧ್ಯಕ್ಷರು ಎಲೆಯ ಅಂಚಿನಿಂದ ಬೆರಳು ತೆಗೆದರು. ಕರೆತರುವುದು ನನ್ನ ಕೈಯಲ್ಲಿಲ್ಲ, ಕೇಳುವುದು ನನ್ನ ಕೈಯಲ್ಲಿದೆ, ಕೇಳುತ್ತೇನೆ ಎಂದರು. ಜಲಜಾಕ್ಷಿ ಬಗ್ಗಿ ಮೊದಲು ಅವರ ಎಲೆಗೇ ಮಜ್ಜಿಗೆ ಹಾಕಿದಳು. ಶುಂಠಿ, ಕರಿಬೇವು ಹಾಕಿದ ಮಜ್ಜಿಗೆ. ಅದನ್ನೂ ಎರಡು ಸಲ ಹಾಕಿಸಿಕೊಂಡರಂತೆ.

ರಘುರಾಮರು ಒಂದು ವಾರ ಓಣಿಯ ಕಡೆ ಸುಳಿಯಲಿಲ್ಲ. ಕೆಲಸಕ್ಕೆ ಕುತ್ತು ಬರಲಿಲ್ಲವೆಂದು ಖಾತ್ರಿಯಾದ ಮೇಲೆ ಬಂದು, ಸುಮ್ಮನೆ ಕೂತು ಉಂಡು ಹೋದರು.

ದಿಲ್ಲಿಗೆ ಹೋದವರು ಮರೆಯಲಿಲ್ಲ. ಸಮಿತಿ ವಿದೇಶಾಂಗದ ಅಧಿಕಾರಿಗಳನ್ನು ಕರೆಸಿ ಎದುರು ಕೂರಿಸಿತು. ಆ ರೇವಿಗೆ ನಮ್ಮವರು ಯಾರಾದರೂ ಹೋಗಿದ್ದಾರೆಯೇ? ಇಲ್ಲ. ಹಡಗು ಹತ್ತಿ ನೋಡಿದ್ದಾರೆಯೇ? ಇಲ್ಲ. ಹಾಗಾದರೆ ಮಾಹಿತಿ ಸಂಗ್ರಹಿಸಿದ್ದು ಎಲ್ಲಿಂದ? ಅಷ್ಟು ದೂರದ ಸೀಮೆಯಲ್ಲಿ ಒಬ್ಬ ರಾಯಭಾರಿಗೆ ಅಷ್ಟು ದೇಶ ಹೊರಿಸಿದ್ದು ಸರಿಯಲ್ಲ, ಕೊಟ್ಟ ಮಾತು ಇನ್ನೂ ಬಾಕಿ ಇದೆ ಎಂದು ವರದಿಯಲ್ಲಿ ಬರೆದರು. ಪತ್ರಿಕೆಯ ಒಳಪುಟದಲ್ಲಿ ಬಂದದ್ದನ್ನು ಕಮಲಾಕರ ಪಂಕ್ತಿಯ ಮುಂದೆ ನಿಂತು ಓದಿದ, ಮಜ್ಜಿಗೆಯ ಮಾತೊಂದು ಅದರಲ್ಲಿ ಇಲ್ಲವೆಂದು ನೊಂದುಕೊಂಡ.

ಆ ಮಾತು ಬೇರೆ ದಾರಿಯಲ್ಲಿ ಹೋಗಿತ್ತು. ಒಂದು ಬೆಳಿಗ್ಗೆ ಆ ದೂರದ ರೇವಿನಲ್ಲಿ ಹಡಗಿನ ಏಣಿ ಹತ್ತಿ ಕೋಟು ತೊಟ್ಟ ನಮ್ಮ ಅಧಿಕಾರಿಯೊಬ್ಬ ಬಂದ. ಬಂದವನು ಕಪ್ತಾನನನ್ನು ಕೇಳಲಿಲ್ಲ, ಭಂಡಾರಿ ಮೋನಪ್ಪ ಯಾರು ಎಂದು ಕೇಳಿದ. ಮೀನು ಹಿಡಿದು ಎಲ್ಲರಿಗೂ ತೆಳ್ಳನೆಯ ನೀರುಸಾರು ಮಾಡಿಕೊಡುತ್ತಿದ್ದ ಮೋನಪ್ಪ, ತನ್ನಿಂದ ಏನೋ ಅಪರಾಧವಾಗಿದೆ ಎಂದು ಗಾಬರಿಯಲ್ಲಿ ಸೌಟು ಹಿಡಿದುಕೊಂಡೇ ಮುಂದೆ ಬಂದನಂತೆ. ನಿಮ್ಮ ಮನೆಯವರ ಮಜ್ಜಿಗೆ ದಿಲ್ಲಿಯಲ್ಲಿ ದೊಡ್ಡ ಹೆಸರು ಮಾಡಿದೆ, ನಿಮ್ಮೆಲ್ಲರ ಕಾಗದ ಆಗಿದೆ, ಹೊರಡಿ ಎಂದನಂತೆ ಆ ಅಧಿಕಾರಿ.

ಕಾಸಿಮೇಡಿನವರಿಬ್ಬರ ಜೊತೆ ಮೋನಪ್ಪ ಬೊಂಬಾಯಿಗೆ ಬಂದು ಇಳಿದು, ರೈಲು ಹತ್ತಿ ಮದರಾಸು ಸೆಂಟ್ರಲಿಗೆ ಬಂದ. ಅಂಗಿ ಗೂಟಕ್ಕೆ ಹಾಕಿದ ಹಾಗೆ ಕಾಣುತ್ತಿತ್ತು ಅವನ ಮೈ ಮೇಲೆ. ಅಂದು ಮಧ್ಯಾಹ್ನ ಗಿರಾಕಿಗಳ ನಡುವೆಯೇ ಅವನಿಗೂ ಎಲೆ ಬಿತ್ತು. ಎಲ್ಲವನ್ನೂ ಬಡಿಸಿ ಜಲಜಾಕ್ಷಿ ಮಜ್ಜಿಗೆಯ ಪಾತ್ರೆ ಹಿಡಿದು ಅವನ ಎಲೆಯ ಮುಂದೆ ನಿಂತಳು.

"ಪುನಃ ಹಡಗು ಹತ್ತುದುಂಟಾ?"

ಪಂಕ್ತಿಯಲ್ಲಿ ಒಬ್ಬರೂ ಕೈ ಆಡಿಸಲಿಲ್ಲ. ಕಮಲಾಕರ ಪಕ್ಕದಿಂದ, "ಮೋನಪ್ಪಣ್ಣ, ಪರಿಶೀಲಿಸ್ತೇನಿ ಅಂತ ಮಾತ್ರ ಅನಬ್ಯಾಡ್ರಿ. ನಾವ್ಯಾರೂ ಇವತ್ತ ಏಳೂ ಹಂಗಿಲ್ಲ" ಎಂದ.

ಮೋನಪ್ಪ ಪಾತ್ರೆ ನೋಡಿದ, ಹೆಂಡತಿಯ ಮುಖ ನೋಡಿದ. "ಇಲ್ಲ. ಹತ್ತುದಿಲ್ಲ" ಎಂದ. ಮಜ್ಜಿಗೆ ಬಿತ್ತು.

ಹತ್ತಲಿಲ್ಲ ಅವನು. ಗಂಡ ಹೆಂಡತಿ ಇಬ್ಬರ ಕೈ ಸೇರಿದ ಮೇಲೆ ಊಟದ ಮನೆಗೆ ಜನ ಹೆಚ್ಚಿದರು. ಎಂಬತ್ತೇಳರ ಹೊತ್ತಿಗೆ ಪಕ್ಕದ ಕೋಣೆಯನ್ನೂ ಬಾಡಿಗೆಗೆ ಹಿಡಿದರು. ಮೋನಪ್ಪ ಉಮೇದಿನಲ್ಲಿ ಮೂರನೆಯ ಪಂಕ್ತಿಗೂ ಎಲೆ ಹಾಸಲು ಹೋದರೆ ಜಲಜಾಕ್ಷಿ ಎಲೆಯ ಕಟ್ಟು ಕಸಿದುಕೊಂಡಳು. ಮೊದಲು ಬಡಿಸುವವರನ್ನು ಹುಡುಕಿ, ಆಮೇಲೆ ಎಲೆ ಹಾಕುವ ಎಂದಳು.

ಅವನು ಒಲೆಯ ಕೆಲಸ ಅವಳಿಗೆ ಬಿಟ್ಟು, ಸಾರಿನ ಪಾತ್ರೆ ತಾನೇ ಎತ್ತಿಕೊಂಡ. ಆ ಮೂರನೆಯ ಪಂಕ್ತಿಗೆ ಅವನು ಬಡಿಸಲು ಶುರುಮಾಡುತ್ತಿದ್ದದ್ದು ಕೊನೆಯ ಎಲೆಯಿಂದ.